ಫೋಟೋ ನಂಬಿಕೊಂಡು ಬದುಕೋಕಾಗುತ್ತಾ?

ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ, ಪ್ರದರ್ಶನಗಳಲ್ಲಿ, ಕಾಲೇಜು ಓದುವವರ ಮೆಸೇಜುಗಳಲ್ಲಿ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. "ಎಲ್ಲೂ ಕೆಲಸಕ್ಕೆ ಸೇರದೆ ಬರೀ ಫೋಟೋಗ್ರಫಿ ನಂಬಿಕೊಂಡು ಬದುಕೋಕಾಗುತ್ತಾ?"

ಆಗುತ್ತೆ. ಈ ದಾರಿಯಲ್ಲಿ ಬಹಳ ಕಾಲ ಉಳಿದವರನ್ನು ಹತ್ತಿರದಿಂದ ನೋಡಿದ್ದೇನೆ. ಎಲ್ಲರೂ ಮಹಾ ಪ್ರತಿಭಾವಂತರೇನಲ್ಲ. ಆದರೆ ತಾವು ತೆಗೆದ ಚಿತ್ರಗಳನ್ನೂ ಅವುಗಳ ಹಕ್ಕನ್ನೂ ಜೋಪಾನವಾಗಿ ಇಟ್ಟುಕೊಂಡವರು.

ಮೊದಲು ದುಡ್ಡಿನ ಮಾತು. ನಮ್ಮ ಕಡೆ ಹೆಚ್ಚಿನವರಿಗೆ ಅನ್ನ ಕೊಡುವುದು ಮದುವೆ. ಆಷಾಢ ಬಂತೆಂದರೆ ಮುಹೂರ್ತ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ಬಾಡಿಗೆ, ಕ್ಯಾಮೆರಾದ ಇಎಂಐ ಮಾತ್ರ ತಿಂಗಳು ತಿಂಗಳು ಕಟ್ಟಲೇಬೇಕು. ಹಾಗಾಗಿ ಸೀಸನ್ನಿನ ದುಡ್ಡನ್ನು ಇಡೀ ವರ್ಷಕ್ಕೆ ಹಂಚಿಕೊಳ್ಳಬೇಕು. ಡೇಟ್ ಬುಕ್ ಮಾಡುವಾಗಲೇ ಅಡ್ವಾನ್ಸ್, ಆಲ್ಬಮ್ ಪ್ರಿಂಟಿಗೆ ಹೋಗುವ ಮುಂಚೆ ಬಾಕಿ. ಇದರಲ್ಲಿ ಸಂಕೋಚ ಬೇಡ.

ಇನ್ನು ಹಕ್ಕಿನ ವಿಷಯ. ಇದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ನಿಮ್ಮಿಂದ ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಅದರ ಮೊದಲ ಹಕ್ಕುದಾರರು ಅವರೇ. ಮದುವೆಯ ಮಟ್ಟಿಗೆ ಇದು ನ್ಯಾಯವೇ, ಅವರ ಮನೆಯ ಚಿತ್ರ ಅವರದ್ದೇ ಆಗಿರಲಿ. ಆದರೆ ಕಂಪನಿಗೋ ರೆಸಾರ್ಟಿಗೋ ಕೆಲಸ ಮಾಡುವಾಗ ಎರಡು ಸಾಲು ಬರೆಸಿಕೊಳ್ಳಲೇಬೇಕು: ಹಕ್ಕು ನನ್ನದು, ನೀವು ಇಂಥಿಂಥ ಕಡೆ ಇಷ್ಟು ವರ್ಷ ಬಳಸಬಹುದು. ನಿಮ್ಮಷ್ಟಕ್ಕೆ ನೀವು ತೆಗೆದ ಚಿತ್ರದ ಹಕ್ಕು ನಿಮ್ಮದೇ. ಅದನ್ನು ಇನ್ನೊಬ್ಬರಿಗೆ ಬರೆದುಕೊಟ್ಟಾಗ ಅವಧಿ ಹೇಳದಿದ್ದರೆ 5 ವರ್ಷ, ಜಾಗ ಹೇಳದಿದ್ದರೆ ಭಾರತದೊಳಗೆ ಮಾತ್ರ ಅಂತ ಕಾಯ್ದೆಯೇ ಹೇಳುತ್ತದೆ. 2012ರ ತಿದ್ದುಪಡಿಯ ನಂತರ ಈ ಹಕ್ಕು ತೆಗೆದವರ ಜೀವಮಾನಕ್ಕೂ, ಆಮೇಲಿನ 60 ವರ್ಷಕ್ಕೂ ಇರುತ್ತದೆ. ನಿಮ್ಮ ಮಕ್ಕಳಿಗೂ ಸಿಗುವ ಆಸ್ತಿ ಇದು, ಅಲ್ವಾ? "ಹೆಸರು ಹಾಕ್ತೀವಿ, ಸುಮ್ನೆ ಕೊಡಿ" ಅನ್ನುವವರಿಗೆ ಕೊಡುವ ಮುಂಚೆ ಯೋಚಿಸಿ.

ಮೈಸೂರಿನ ಟಿ. ಎಸ್. ಸತ್ಯನ್ ಅವರ ಬದುಕು ನನಗೆ ಯಾವಾಗಲೂ ಧೈರ್ಯ ಕೊಡುತ್ತದೆ. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಸೇರಿದವರು ಮುಂದೆ ಸ್ವತಂತ್ರ ಛಾಯಾಗ್ರಾಹಕರಾದರು. ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆಗಳಿಗೂ ಕೆಲಸ ಮಾಡಿದರು, ಸಿಡುಬು ನಿರ್ಮೂಲನೆಯ ಚಿತ್ರಗಳನ್ನು ತೆಗೆದರು. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ, ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನವಾದವು. ಸಂಬಳದ ಕೆಲಸ ಬೇರೆ, ಮನಸ್ಸಿನ ಕೆಲಸ ಬೇರೆ ಅಂತ ಅವರು ಗೋಡೆ ಕಟ್ಟಿಕೊಂಡಿರಲಿಲ್ಲ ಅನ್ನಿಸುತ್ತದೆ. ಯಾರಿಗೆ ತೆಗೆದರೂ ಅವರ ಕಣ್ಣು ಸಾಮಾನ್ಯ ಜನರ ಮೇಲೇ ಇತ್ತು.

ಆಷಾಢದ ಖಾಲಿ ದಿನಗಳನ್ನು ನಿಮ್ಮ ಸ್ವಂತ ಕೆಲಸಕ್ಕೆ ಇಟ್ಟುಕೊಳ್ಳಿ. ಒಂದೇ ವಿಷಯವನ್ನು ವರ್ಷಗಟ್ಟಲೆ ಹಿಂಬಾಲಿಸಿ. ನಿಮ್ಮ ತಾಲ್ಲೂಕಿನ ಕೆರೆಗಳಾಗಲಿ, ಕಂಬಳವಾಗಲಿ, ಮುಚ್ಚಿಹೋಗುತ್ತಿರುವ ಚಿತ್ರಮಂದಿರಗಳಾಗಲಿ. ಪ್ರತಿ ಚಿತ್ರಕ್ಕೂ ಊರು, ತಾರೀಖು, ಅದರಲ್ಲಿರುವವರ ಹೆಸರು ಅವತ್ತೇ ಬರೆದಿಡಿ. ಹತ್ತು ವರ್ಷದ ನಂತರ ಪ್ರಕಾಶಕರು ಕೇಳುವುದು ಆ ವಿವರವನ್ನೇ. ಎರಡು ಹಾರ್ಡ್ ಡಿಸ್ಕ್ ಇರಲಿ, ಒಂದು ಬೇರೆ ಮನೆಯಲ್ಲಿರಲಿ. ಇಂಥ ಕೆಲಸಕ್ಕೆ ಅನುದಾನವೂ ಸಿಗಬಹುದು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲಾವಿದರಿಗೆ ಅನುದಾನ ಕೊಡುತ್ತದೆ, ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಪ್ರಿಂಟ್ ಮಾರುವುದಾದರೆ ಎಷ್ಟು ಪ್ರತಿ ಅಂತ ಮೊದಲೇ ಗೊತ್ತುಮಾಡಿ, ಸಂಖ್ಯೆ ಹಾಕಿ, ಸಹಿ ಮಾಡಿ. ಆ ಲೆಕ್ಕ ಮೀರಿ ಒಂದೂ ಜಾಸ್ತಿ ಪ್ರಿಂಟ್ ಹಾಕಿಸಬೇಡಿ.

ಇಷ್ಟು ಹೇಳಿದ ಮೇಲೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: "ಹಾಗಾದ್ರೆ ಈಗಿನ ಕೆಲಸ ಬಿಟ್ಟುಬಿಡ್ಲಾ?" ಆರು ತಿಂಗಳ ಮನೆ ಖರ್ಚು ಕೈಯಲ್ಲಿದ್ದು, ಒಂದು ಸಲ ಕೆಲಸ ಕೊಟ್ಟವರು ತಾವಾಗಿಯೇ ಮತ್ತೆ ಫೋನ್ ಮಾಡಿದ್ದರೆ ಬಿಡಿ. ಅಲ್ಲಿಯವರೆಗೆ ಶನಿವಾರ, ಭಾನುವಾರ ಕ್ಯಾಮೆರಾ ಹಿಡಿಯಿರಿ.