ಎರಡು ಬೆರಳು ಅಗಲ, ಅರ್ಧ ಗೇಣು ಎತ್ತರ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಅರವತ್ತು ಕಿಲೋಮೀಟರು. ಬಸ್ಸಿನಲ್ಲಿ ಕೂತರೆ ಒಂದು ನಿದ್ದೆಯ ದಾರಿ. ಮೊನ್ನೆ ಆಷಾಢದಲ್ಲಿ ನನಗೂ ಮಾವನಿಗೂ ಅದೇ ದಾರಿಗೆ ಅರ್ಧ ದಿನ ಹಿಡಿಯಿತು. ಎರಡು ದಿನದ ಪ್ರವಾಸದಲ್ಲಿ ನಾನು ಕೋಟೆ ಹತ್ತಲಿಲ್ಲ, ಚಂದ್ರವಳ್ಳಿ ನೋಡಲಿಲ್ಲ. ನೋಡಿದ್ದು ಒಂದು ಕುಲುಮೆ.

ನಮ್ಮದು 1991ರ ಜಿಪ್ಸಿ. ಮಾರುತಿಯವರು 1993ರಲ್ಲಿ ಈ ಗಾಡಿಯ ಎಡಚಕ್ರಕ್ಕೂ ಬಲಚಕ್ರಕ್ಕೂ ನಡುವಿನ ಅಂತರವನ್ನು 90 ಮಿ.ಮೀ. ಹೆಚ್ಚಿಸಿದರು. ಅದಕ್ಕೆ ಮೊದಲಿನವು ನ್ಯಾರೋ ಟ್ರ್ಯಾಕ್, ಆಮೇಲಿನವು ವೈಡ್ ಟ್ರ್ಯಾಕ್. ನ್ಯಾರೋ ಓಡಿಸಿದವರಿಗೆಲ್ಲ ಒಂದೇ ಆಸೆ, ಹೇಗಾದರೂ ವೈಡ್ ಮಾಡಿಕೊಳ್ಳಬೇಕು. ಗುಜರಿಯಲ್ಲಿ ಒಂದು ಜೋಡಿ ವೈಡ್ ಆಕ್ಸಲ್ (ಎಡ ಬಲ ಚಕ್ರಗಳನ್ನು ಹೊರುವ ಅಚ್ಚು) ಸಿಕ್ಕಿತು. ನಮ್ಮೂರಿನ ಒಂದು ಗ್ಯಾರೇಜಿಗೆ ಕೊಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. "ಹೆಂಗೂ ಎಲ್ಲಾ ಬಿಚ್ಚಿದೀವಿ ಸಾರ್, ಪ್ಲೇಟ್ ಸೆಟ್ ಆಕ್ಸಲ್ ಮೇಲಕ್ಕೆ ಕೂರಿಸಿಬಿಡೋಣ, ಐದಿಂಚು ಎತ್ತರ ಆಗುತ್ತೆ, ನೋಡಾಕೂ ಮಜಾ ಇರುತ್ತೆ" ಅಂದ ಹುಡುಗ. ಕಂಪನಿಯಿಂದ ಬರುವಾಗ ಜಿಪ್ಸಿಯ ಕಮಾನ್ ಪ್ಲೇಟುಗಳು, ಅಂದರೆ ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳು, ಆಕ್ಸಲ್ಲಿನ ಕೆಳಗೆ ಇರುತ್ತವೆ. ನಾನು ಹೂಂ ಅಂದೆ. ನೋಡಾಕೆ ಮಜಾ ಇತ್ತು, ಸುಳ್ಳು ಹೇಳಲ್ಲ.

ಭರಮಸಾಗರ ದಾಟುವವರೆಗೆ ಏನೂ ಗೊತ್ತಾಗಲಿಲ್ಲ. ಗಾಡಿ ಸ್ವಲ್ಪ ಅಲೆಯುತ್ತಿತ್ತು, ಸ್ಟೇರಿಂಗನ್ನು ಆಗಾಗ ಸರಿಮಾಡಬೇಕಾಗಿತ್ತು. ಗಾಳಿ ಅಂದುಕೊಂಡೆ. ದುರ್ಗದ ಸುತ್ತ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಬೀಸುವ ಗಾಳಿಗೆ ಲಾರಿಗಳೇ ಓಲಾಡುತ್ತವೆ. ಮಾವ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದ. ಎಪ್ಪತ್ತರ ವೇಗದಲ್ಲಿ ಒಂದು ಸೇತುವೆಯ ಜಾಯಿಂಟ್ ಮೇಲೆ ಚಕ್ರ ಹತ್ತಿಳಿಯಿತು. ಸ್ಟೇರಿಂಗ್ ಒಮ್ಮೆ ನಡುಗಿತು. ಎರಡನೇ ಸಲ ಇನ್ನೂ ಜೋರಾಗಿ. ಮೂರನೇ ಸಲಕ್ಕೆ ಅದು ನನ್ನ ಕೈ ಬಿಡಿಸಿಕೊಂಡು ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳತೊಡಗಿತು, ಕೊರಳಿಗೆ ಹಗ್ಗ ಬಿದ್ದ ಹೋರಿ ತಲೆ ಒದರಿದ ಹಾಗೆ. ಡ್ಯಾಷ್‌ಬೋರ್ಡಿನ ಮೇಲಿದ್ದ ಮಂಡಕ್ಕಿ ಪೊಟ್ಟಣ ಒಡೆದು ಗಾಡಿ ತುಂಬ ಚೆಲ್ಲಿತು.

"ಬ್ರೇಕ್ ಒತ್ತಬ್ಯಾಡಲೇ ಅಳಿಯ, ಆಕ್ಸಿಲೇಟರ್ ಬಿಡು!"

ಮಾವ ಮೂವತ್ತು ವರ್ಷ ಸರ್ಕಾರಿ ಬಸ್ ಓಡಿಸಿದವನು. ನಿದ್ದೆಯಲ್ಲೂ ಅವನ ಕಾಲು ಸರಿಯಾದ ಜಾಗದಲ್ಲೇ ಇರುತ್ತೆ. ನಾನು ಕಾಲೆತ್ತಿ ಸ್ಟೇರಿಂಗನ್ನು ಹಿಡಿದುಕೊಂಡೆನೇ ಹೊರತು ಅದರ ಜೊತೆ ಗುದ್ದಾಡಲಿಲ್ಲ. ನಲವತ್ತಕ್ಕೆ ಇಳಿದ ಮೇಲೆ, ಏನೂ ಆಗೇ ಇಲ್ಲವೆಂಬಂತೆ ಗಾಡಿ ತಣ್ಣಗಾಯಿತು. ಹಿಂದಿನಿಂದ ಬಂದ ಈರುಳ್ಳಿ ಲಾರಿಯವನು ಹಾರ್ನ್ ಹೊಡೆದು ಕೈಸನ್ನೆಯಲ್ಲಿ ಏನೋ ಬೈದು ಹೋದ. ಗ್ಯಾರೇಜಿಗೆ ಫೋನ್ ಮಾಡಿದರೆ "ಟೈರ್ ಬ್ಯಾಲೆನ್ಸ್ ಮಾಡಿಸಿ ಸಾರ್" ಅಂದರು. ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತೆ.

ಮೂವತ್ತರ ವೇಗದಲ್ಲಿ ತೆವಳುತ್ತ ದುರ್ಗ ಸೇರಿದೆವು. ಚಳ್ಳಕೆರೆ ಗೇಟ್ ದಾಟಿದ ಮೇಲೆ ಒಂದು ಟೀ ಅಂಗಡಿಯಲ್ಲಿ ಕೇಳಿದಾಗ, ಲಾರಿಗಳಿಗೆ ಕಮಾನ್ ಕಟ್ಟುವ ಯಜಮಾನರ ಶೆಡ್ಡು ತೋರಿಸಿದರು. (ಪಕ್ಕದ ಹೋಟೆಲಿನಲ್ಲಿ "ದಾವಣಗೆರೆ ಬೆಣ್ಣೆ ದೋಸೆ" ಅಂತ ಬೋರ್ಡಿತ್ತು. ತಿಂದೆ. ಬೋರ್ಡು ಚೆನ್ನಾಗಿತ್ತು.)

ಯಜಮಾನರಿಗೆ ಎಪ್ಪತ್ತು ದಾಟಿರಬೇಕು. ಮುಂಗೈ ತುಂಬ ಕಿಡಿ ಸಿಡಿದ ಸಣ್ಣ ಸಣ್ಣ ಕಲೆ. ಗಾಡಿಯ ಕೆಳಗೆ ನುಗ್ಗುವ ಬದಲು ದೂರ ನಿಂತು ಒಂದು ಸುತ್ತು ನೋಡಿದರು.

"ಯಾರಪ್ಪ ಇದನ್ನ ಇಷ್ಟು ಎತ್ತರ ಮಾಡ್ದೋರು?"

"ಆಕ್ಸಲ್ ಅಗಲ ಆಗಿದೆಯಲ್ಲ ಯಜಮಾನ್ರೆ, ಬ್ಯಾಲೆನ್ಸ್ ಸರಿಹೋಗುತ್ತೆ ಅಂದ್ರು."

"ಅಗಲ ಎಷ್ಟಾಯ್ತು? ಒಂದೊಂದ್ ಕಡೆಗೆ ಎರಡು ಬೆರಳು. ಎತ್ತರ ಎಷ್ಟಾಯ್ತು? ಅರ್ಧ ಗೇಣು. ನೀನೇ ಲೆಕ್ಕ ಹಾಕು."

ನನಗೆ ನಾಚಿಕೆಯಾಯಿತು. ಇಂಜಿನಿಯರಿಂಗ್ ಓದುವಾಗ ನಾನೇ ಬರೆದ ಉತ್ತರ ಅದು. ಗಾಡಿ ಮಗುಚುವುದೂ ಮಗುಚದಿರುವುದೂ ಚಕ್ರಗಳ ಅಗಲದ ಅರ್ಧಕ್ಕೂ ಭಾರದ ಕೇಂದ್ರದ ಎತ್ತರಕ್ಕೂ ಇರುವ ತಾಳೆಯ ಮೇಲೆ ನಿಂತಿದೆ. ಗ್ಯಾರೇಜಿನ ಬಿಲ್ಲಿಗೆ ಸಹಿ ಹಾಕುವಾಗ ಅದು ತಲೆಗೆ ಬಂದಿರಲಿಲ್ಲ.

"ಆದ್ರೆ ಸ್ಟೇರಿಂಗ್ ಒದರಿದ್ದು ಎತ್ತರಕ್ಕಲ್ಲ" ಅಂದವರು ಮೊಮ್ಮಗನ ಸೈಕಲ್ ತರಿಸಿದರು. ಹ್ಯಾಂಡಲ್ ಮುಟ್ಟದೆ ಬರೀ ಸೀಟು ಹಿಡಿದು ಮುಂದಕ್ಕೆ ತಳ್ಳಿದರು. ಸೈಕಲ್ಲು ನೆಟ್ಟಗೆ ಹೋಯಿತು. ಆಮೇಲೆ ಹಾಗೇ ಹಿಂದಕ್ಕೆ ಎಳೆದರು. ಎರಡು ಹೆಜ್ಜೆಗೆ ಹ್ಯಾಂಡಲ್ ಪಟ್ಟನೆ ತಿರುಗಿಬಿತ್ತು.

"ನೋಡ್ದಾ? ಈ ಫೋರ್ಕು ನಿನ್ನ ಕಡೆಗೆ ವಾಲೈತೆ. ಅದಕ್ಕೇ ಮುಂದಕ್ಕೆ ಹೋಗುವಾಗ ಚಕ್ರ ಎಳೆಸ್ಕೊಂಡು ಬರ್ತೈತೆ, ತಾನೇ ನೆಟ್ಟಗಾಗ್ತೈತೆ. ನಿನ್ನ ಗಾಡೀಲಿ ಆ ವಾಲೇ ಇಲ್ಲ."

ಕ್ಯಾಸ್ಟರ್ ಅಂತ ನಾವು ಕರೆಯುವುದನ್ನೇ ಅವರು ವಾಲು ಅನ್ನುತ್ತಿದ್ದರು. ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ತಿರುಗುವುದು ಕಿಂಗ್ ಪಿನ್ ಎಂಬ ಗೂಟದ ಮೇಲೆ. ಅದು ಮೇಲ್ಗಡೆ ಸ್ವಲ್ಪ ಹಿಂದಕ್ಕೆ ಬಾಗಿರಬೇಕು, ಮೂರು ಡಿಗ್ರಿಯ ಆಸುಪಾಸು. ಪ್ಲೇಟುಗಳನ್ನು ಮೇಲೆ ಕೂರಿಸಲು ಆಕ್ಸಲ್ಲಿಗೆ ಹೊಸ ಸೀಟು, ಅಂದರೆ ಪ್ಲೇಟು ಕೂರುವ ಮಣೆ, ವೆಲ್ಡ್ ಮಾಡಬೇಕಾಗುತ್ತೆ. ಆ ಗ್ಯಾರೇಜಿನ ಹುಡುಗ ಮಟ್ಟಗೋಲು ಇಟ್ಟು ಎಲ್ಲವನ್ನೂ ಸಪಾಟಾಗಿ ಬೆಸೆದುಬಿಟ್ಟಿದ್ದ. ಬಾಗು ಹೋಗಿ ಕಿಂಗ್ ಪಿನ್ ನೆಟ್ಟಗೆ ನಿಂತಿತ್ತು. ಮೊಮ್ಮಗ ಮೊಬೈಲಿನ ಆ್ಯಪ್ ಹಿಡಿದು ಅಳೆದ: ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಅರ್ಧ ಡಿಗ್ರಿ.

"ನಿಮಗೆ ನೋಡಿದ ಕೂಡಲೇ ಹೆಂಗೆ ಗೊತ್ತಾಯ್ತು?"

"ನೀನು ಒಳಗೆ ಬರುವಾಗ ನೋಡ್ದೆ. ತಿರುವಿದ ಮೇಲೆ ಸ್ಟೇರಿಂಗು ತಾನಾಗೇ ವಾಪಸ್ ಬರ್ಲಿಲ್ಲ. ನೀನು ಕೈಯಲ್ಲಿ ತಂದೆ."

ಇಷ್ಟೇ ಅಲ್ಲ, ಪ್ಲೇಟನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟುಗಳೂ ಹಳೆಯವೇ. ಒಮ್ಮೆ ಬಿಗಿದು ಹಿಗ್ಗಿದವನ್ನೇ ಮತ್ತೆ ಹಾಕಿದ್ದರು. ಸ್ಪ್ಯಾನರ್ ಇಟ್ಟರೆ ಎರಡು ನಟ್ಟು ಬೆರಳಲ್ಲೇ ತಿರುಗಿದವು. ಮಾವ ಅದನ್ನು ನೋಡಿ ಏನೂ ಮಾತಾಡದೆ ಬೀಡಿ ಹಚ್ಚಿದ. ಆಕ್ಸಲ್ ಬದಲಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಯು ಬೋಲ್ಟ್ ಹೊಸದನ್ನೇ ಹಾಕಿಸಿ, ಬಿಗಿಯುವಾಗ ಎದುರಿಗೆ ನಿಂತಿರಿ, ಗಾಡಿಯ ಭಾರ ಚಕ್ರದ ಮೇಲಿರುವಾಗ ಬಿಗಿಸಿ. ವೆಲ್ಡಿಂಗಿಗೆ ಮೊದಲು ಹಳೆಯ ಕೋನ ಎಷ್ಟಿತ್ತು ಅಂತ ಬರೆದಿಡಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ಸ್ವರೂಪ ಬದಲಿಸುವುದರ ಬಗ್ಗೆಯೇ ಇದೆ, ಅದನ್ನೂ ಓದಿಕೊಳ್ಳಿ. ನಾನು ಓದಿದ್ದು ಆಮೇಲೆ.

ಮದ್ದು ಸರಳವಾಗಿತ್ತು. ಬೆಣೆ. ಬಡಗಿ ಬಾಗಿಲಿಗೆ ಹೊಡೆಯುವಂಥದ್ದೇ, ಆದರೆ ಉಕ್ಕಿನದು. ಅಲ್ಯೂಮಿನಿಯಂ ಬೆಣೆ ಮಾರುಕಟ್ಟೆಯಲ್ಲಿ ಸಿಗುತ್ತೆ, ಅದು ಒಡೆಯುತ್ತೆ ಅಂದರು ಯಜಮಾನರು. ದಪ್ಪ ಪಟ್ಟಿಯೊಂದನ್ನು ಕೆಂಪಗೆ ಕಾಯಿಸಿ, ಬಡಿದು, ಗ್ರೈಂಡರಿಗೆ ಕೊಟ್ಟು, ಮತ್ತೆ ಮತ್ತೆ ಅಳೆದರು. ಒಂದು ತುದಿ ದಪ್ಪ, ಇನ್ನೊಂದು ತುದಿ ಉಗುರಿನಷ್ಟು ತೆಳು. ದಪ್ಪ ತುದಿ ಹಿಂದಕ್ಕೆ ಬರುವಂತೆ ಸೀಟಿಗೂ ಪ್ಲೇಟಿಗೂ ನಡುವೆ ಕೂರಿಸಿ, ಉದ್ದದ ಸೆಂಟರ್ ಬೋಲ್ಟ್ ತೂರಿಸಿದರು. ಯು ಬೋಲ್ಟುಗಳನ್ನು ಅಲ್ಲೇ ಸರಳಿನಿಂದ ಬಗ್ಗಿಸಿದರು. ನಾಲ್ಕು ಗಂಟೆಯ ಕೆಲಸ. ಬೇಸರವಾಗಿ ಮಾವ ಆಟೋ ಹಿಡಿದು ಓಬವ್ವನ ಕಿಂಡಿ ನೋಡಿಕೊಂಡು ಬಂದ. ನಾನು ಮರದ ಪೆಟ್ಟಿಗೆಯ ಮೇಲೆ ಕೂತು ಕುಲುಮೆಯನ್ನೇ ನೋಡುತ್ತಿದ್ದೆ. ಏಳು ಸುತ್ತಿನ ಕೋಟೆಗಿಂತ ಅದೇ ಚೆನ್ನಾಗಿತ್ತು ಅಂದರೆ ದುರ್ಗದವರು ಕ್ಷಮಿಸಬೇಕು.

"ಒಂದು ಮಾತು ತಿಳ್ಕೊ" ಅಂದರು ಹೊರಡುವಾಗ. "ವಾಲು ಕೊಟ್ಟಿದ್ದಕ್ಕೆ ಮುಂದಿನ ಆಕ್ಸಲ್ ನಡುವಿನ ಗೇರ್ ಗುಂಡು ಐತಲ್ಲ, ಆ ಡಿಫರೆನ್ಷಿಯಲ್ಲಿನ ಮೂತಿ ಕೆಳಗೆ ಹೋಗೈತೆ. ಫೋರ್ ವೀಲ್ ಹಾಕಿ ಜೋರಾಗಿ ಓಡಿಸಿದ್ರೆ ಆ ಮೂತಿಗೆ ಇಂಜಿನ್ ಶಕ್ತಿ ತರೋ ಪ್ರೊಪೆಲರ್ ಶಾಫ್ಟಿನ ಕ್ರಾಸು ಸದ್ದು ಮಾಡ್ತೈತೆ. ಸರಿಯಾಗ್ಬೇಕು ಅಂದ್ರೆ ಸೀಟು ಕತ್ತರಿಸಿ ಮತ್ತೆ ಬೆಸೀಬೇಕು. ಇಲ್ಲಾಂದ್ರೆ ಪ್ಲೇಟು ಕೆಳಗೇ ಇಳ್ಸು. ಕೆಳಗಿದ್ರೆ ಏನು ಮರ್ಯಾದೆ ಹೋಗ್ತೈತೆ?"

ಸಾಮಾನೂ ಕೂಲಿಯೂ ಸೇರಿ 2,600 ರೂಪಾಯಿ ತಗೊಂಡರು. ನೂರೈವತ್ತು ಕಿಲೋಮೀಟರ್ ಆದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಲು ಹೇಳಿ, ಸ್ಪ್ಯಾನರ್ ಅಳತೆಯನ್ನು ಬೀಡಿ ಕಟ್ಟಿನ ಮೇಲೆ ಬರೆದು ಮಾವನ ಕೈಗೆ ಕೊಟ್ಟರು. ನನ್ನ ಕೈಗೆ ಕೊಡಲಿಲ್ಲ.

ಮಾರನೇ ದಿನ ಹಿರಿಯೂರಿನ ಕಡೆ, ವಾಣಿವಿಲಾಸ ಸಾಗರ. ಜನ ಇವತ್ತಿಗೂ ಮಾರಿಕಣಿವೆ ಅಂತಲೇ ಕರೆಯುವುದು. 1907ಕ್ಕೆ ಕಟ್ಟಿ ಮುಗಿದ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದಿದ್ದು 2022ರಲ್ಲಿ, ಆಮೇಲೆ 2025ರಲ್ಲಿ. ನಾವು ಹೋದಾಗ ಕೋಡಿ ಒಣಗಿತ್ತು, ಗಾಳಿಗೆ ನೀರು ಮಾತ್ರ ಸಮುದ್ರದ ಹಾಗೆ ಅಲೆ ಎಬ್ಬಿಸುತ್ತಿತ್ತು. ಮೀನು ಊಟ ಚೆನ್ನಾಗಿತ್ತು. ಅಷ್ಟೆ.

ವಾಪಸ್ ಬರುವಾಗ ಅದೇ ಸೇತುವೆ ಹತ್ತಿರವಾದಂತೆ ಮಾವ ಎದ್ದು ನೆಟ್ಟಗೆ ಕೂತು, ಮುಂದಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದ. ನಾನು ಅರವತ್ತರಲ್ಲಿದ್ದೆ. ಜಾಯಿಂಟ್ ಮೇಲೆ ದಡ್ ಅಂತು, ಸ್ಟೇರಿಂಗ್ ಒಮ್ಮೆ ಅಲುಗಿ ಸುಮ್ಮನಾಯಿತು. ಇಬ್ಬರೂ ಮಾತಾಡಲಿಲ್ಲ. ಭರಮಸಾಗರದಲ್ಲಿ ಟೀಗೆ ನಿಲ್ಲಿಸಿದಾಗ ಮಾವ ಬೀಡಿ ಕಟ್ಟು ನೋಡಿ ಸ್ಪ್ಯಾನರ್ ಆರಿಸಿಕೊಂಡು, ಪಂಚೆ ಎತ್ತಿಕಟ್ಟಿ ಗಾಡಿಯ ಕೆಳಗೆ ಹೋದ. ಎಂಟೂ ನಟ್ಟು ಆದ ಮೇಲೆ ಒಳಗಿಂದಲೇ ಕೂಗಿದ:

"ಎಡಗಡೆ ಹಿಂದಿಂದು ಕಾಲು ಸುತ್ತು ತಗೊಂತಲೇ. ಆ ಗ್ಯಾರೇಜಿನೋನ ನಂಬರ್ ಕೊಡಿಲ್ಲಿ."