ಮೂವರ ಆಟ, ಇಬ್ಬರ ಲೆಕ್ಕ

ಗಾಲ್ಫ್ ಅಂದ್ರೆ ದೊಡ್ಡವರ ಒಂಟಿ ಆಟ ಅಂತ ನಮ್ಮ ಮನೆಯಲ್ಲಿ ಎಲ್ಲರೂ ನಗುತ್ತಾರೆ. ನನಗೆ ಐಸೆನ್‌ಹೋವರ್ ಟ್ರೋಫಿ ಇಷ್ಟವಾಗುವುದೇ ಅದು ಒಂಟಿ ಆಟ ಅಲ್ಲ ಅನ್ನೋದಕ್ಕೆ. ಇದು ಪುರುಷ ಹವ್ಯಾಸಿಗಳ ವಿಶ್ವ ತಂಡ ಚಾಂಪಿಯನ್‌ಶಿಪ್. ಬಹುಮಾನದ ಹಣವಿಲ್ಲ, ದೇಶದ ಹೆಸರಿಗಾಗಿ ಆಡಬೇಕು.

ತಂಡದಲ್ಲಿ ಮೂವರು. ನಾಲ್ಕು ಸುತ್ತು. ಪ್ರತಿ ಸುತ್ತಿನಲ್ಲೂ ಉತ್ತಮವಾದ, ಅಂದ್ರೆ ಕಡಿಮೆ ಹೊಡೆತದ, ಎರಡು ಸ್ಕೋರ್ ಮಾತ್ರ ಲೆಕ್ಕಕ್ಕೆ. ಮೂರನೆಯದು ಕಸದ ಬುಟ್ಟಿಗೆ! ಯಾರದ್ದು ಹೋಗುತ್ತದೋ ಕೊನೆಯ ಹೋಲ್‌ವರೆಗೂ ಗೊತ್ತಾಗುವುದಿಲ್ಲ. ನಾನು ಅಂಗಡಿಯ ಹಳೇ ಬಿಲ್ಲಿನ ಹಿಂದೆ ಕೂಡುತ್ತಾ, ಹೊಡೆದು ಹಾಕುತ್ತಾ ಕೂರುತ್ತೇನೆ. ಹೆಂಡತಿಗೆ ಇದು ಸುಮ್ನೆ ಹುಚ್ಚು.

ಮೊದಲು ತಂಡಕ್ಕೆ ನಾಲ್ವರು, ಲೆಕ್ಕಕ್ಕೆ ಮೂವರು. 1958ರಲ್ಲಿ ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಶುರುವಾದಾಗ ಹಾಗಿತ್ತು. ಅಲ್ಲಿ ಅಮೆರಿಕ, ಆಸ್ಟ್ರೇಲಿಯಾ ಎರಡೂ ಒಟ್ಟು 918 ಹೊಡೆತಕ್ಕೆ ಬಂದು ನಿಂತವು. ಮತ್ತೊಂದು ಸುತ್ತು ಆಡಿಸಿದರು. ಆಸ್ಟ್ರೇಲಿಯಾ ಎರಡೇ ಹೊಡೆತದಿಂದ ಗೆದ್ದಿತು. ಅಮೆರಿಕ ತಂಡದ ನಾಯಕ, ಹಳೇ ಗಾಲ್ಫ್ ದಿಗ್ಗಜ ಬಾಬಿ ಜೋನ್ಸ್ ಆಡಲಿಲ್ಲ, ಕಾಯಿಲೆಯಿಂದ ನಡೆಯುವುದೇ ಕಷ್ಟವಾಗಿತ್ತು. ಅದೇ ಸಲ ಆ ಊರು ಅವರಿಗೆ ತನ್ನ ಗೌರವ ಪೌರತ್ವ ಕೊಟ್ಟಿತು. ಅವರಿಗಿಂತ ಮೊದಲು ಅದು ಸಿಕ್ಕಿದ್ದ ಅಮೆರಿಕನ್, ವಿಜ್ಞಾನಿ ಮತ್ತು ರಾಜನೀತಿಜ್ಞ ಬೆಂಜಮಿನ್ ಫ್ರಾಂಕ್ಲಿನ್. ಎಂಥ ಸಾಲು ಅಲ್ವಾ?

1960ರಲ್ಲಿ ಅಮೆರಿಕದ ಮೆರಿಯನ್ ಗಾಲ್ಫ್ ಮೈದಾನದಲ್ಲಿ ಮಾತ್ರ ಲೆಕ್ಕ ಹಾಕುವ ಕೆಲಸವೇ ಇರಲಿಲ್ಲ. ಇಪ್ಪತ್ತರ ಹುಡುಗ ಜ್ಯಾಕ್ ನಿಕ್ಲಾಸ್ ನಾಲ್ಕು ಸುತ್ತನ್ನೂ ಬರೀ 269 ಹೊಡೆತದಲ್ಲಿ ಮುಗಿಸಿದ. ಅಮೆರಿಕ 42 ಹೊಡೆತಗಳಿಂದ ಗೆದ್ದಿತು. ದಾಖಲೆಯೇನೋ ಸರಿ. ನೋಡಲು ಮಜಾ ಬರೋದು 1958ರಂಥ ಪಂದ್ಯವೇ.