ಗಾಡಿ ಮೇಲಿದ್ದಾಗ ನೋಡಬೇಕು

ಯುಗಾದಿಗೆ ಎರಡು ದಿನ ಇತ್ತು. ಕೆಳಗೆ ಮನೆ ತೊಳೆಯುವ ಗಡಿಬಿಡಿ. ನಾನು ಮಹಡಿ ಕೋಣೆಯಲ್ಲಿ ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಮುಂದೆ ಕೂತಿದ್ದೆ. ನನ್ನ ಮಾಡೆಲ್ ರೈಲು ಇರುವುದು ಅದರ ಮೇಲೆ. ಅಕ್ಕನ ಮಗಳು ಗಂಗಾವತಿಯಿಂದ ಹಬ್ಬಕ್ಕೆ ಬರುವವಳಿದ್ದಳು. ಹೋದ ಸಲ ಅವಳು ಬಂದಾಗ ರೈಲು ಅರ್ಧ ಸುತ್ತು ಓಡಿ ನಿಂತಿತ್ತು. ಬೆರಳಿನಿಂದ ತಳ್ಳಿ ತಳ್ಳಿ ಮುಂದೆ ಕಳಿಸಿದ್ದೆ. "ಮಾಮ, ನೀನೇ ತಳ್ಳಿದ್ರೆ ಅದು ರೈಲು ಹೆಂಗಾಗ್ತದ?" ಅಂದಿದ್ದಳು. ಆರು ವರ್ಷದ ಹುಡುಗಿ ಕೇಳಿದ್ದು ಸರಿಯಾಗೇ ಇತ್ತು. ಈ ಸಲ ತಳ್ಳಬಾರದು ಅಂತ ನಿರ್ಧಾರ ಮಾಡಿದ್ದೆ.

ಬಳ್ಳಾರಿಯಲ್ಲಿ ಈ ಹವ್ಯಾಸ ಇಟ್ಟುಕೊಂಡರೆ ಮೊದಲ ತೊಂದರೆ ಧೂಳು. ಬೆಳಿಗ್ಗೆ ಒರೆಸಿದ ಕಿಟಕಿ ಸಂಜೆಗೆ ಕೆಂಪಾಗಿರುತ್ತದೆ. ಅದಿರಿನ ಧೂಳಲ್ವಾ, ಆಯಸ್ಕಾಂತ ಆಡಿಸಿದರೆ ಎದ್ದು ಬರುತ್ತದೆ ಅಂತ ಮೊದಲು ಅಂದುಕೊಂಡಿದ್ದೆ. ಕಪ್ಪು ಕಣ ನಾಲ್ಕು ಅಂಟಿಕೊಂಡವು, ಅಷ್ಟೇ. ನಮ್ಮ ಕಡೆಯ ಕೆಂಪು ಅದಿರು ಹೆಮಟೈಟ್, ಅದನ್ನು ಆಯಸ್ಕಾಂತ ಎಳೆಯುವುದು ತೀರಾ ಕಡಿಮೆ. ಬಟ್ಟೆಯಿಂದಲೇ ಒರೆಸಬೇಕು.

ಧೂಳಿಗಿಂತ ಹಟಮಾರಿ ಇನ್ನೊಂದಿದೆ. ಈ ರೈಲಿಗೆ ಮೇಲೆ ತಂತಿ ಇಲ್ಲ, ಒಳಗೆ ಬ್ಯಾಟರಿ ಇಲ್ಲ. ಎರಡು ಹಳಿಗಳಲ್ಲಿ 12 ವೋಲ್ಟ್ ಕರೆಂಟ್ ಬರುತ್ತದೆ, ಚಕ್ರ ಅದನ್ನು ಎತ್ತಿಕೊಂಡು ಮೋಟಾರಿಗೆ ಕೊಡುತ್ತದೆ. ಚಕ್ರ ಹಳಿಗೆ ತಾಗುವುದು ಸಾಸಿವೆಗಿಂತ ಚಿಕ್ಕ ಜಾಗದಲ್ಲಿ. ನಡುವೆ ಒಂಚೂರು ಕೊಳೆ ಬಂದರೂ ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿ ಹಾರುತ್ತದೆ. ಆ ಕಿಡಿಗೆ ಲೋಹ ಸುಟ್ಟು ಕಪ್ಪು ಪದರ ಕೂರುತ್ತದೆ. ಪದರ ಬಂದಷ್ಟೂ ಕಿಡಿ ಜಾಸ್ತಿ, ಕಿಡಿ ಜಾಸ್ತಿಯಾದಷ್ಟೂ ಪದರ ದಪ್ಪ. ಹಳಿ ಮಾಡಿರುವುದು ನಿಕಲ್ ಸಿಲ್ವರ್‌ನಿಂದ. ನಮ್ಮ ಜನ ಜರ್ಮನ್ ಸಿಲ್ವರ್ ಅನ್ನುತ್ತಾರಲ್ಲ, ಅದೇ. ಅದರಲ್ಲಿ ಬೆಳ್ಳಿ ಇಲ್ಲವೇ ಇಲ್ಲ, ಇರುವುದು ತಾಮ್ರ, ಸತು, ನಿಕಲ್.

ಸಂಕ್ರಾಂತಿ ಹೊತ್ತಿಗೆ ನಾನು ಒಂದು ತಪ್ಪು ಮಾಡಿದ್ದೆ. ಹಾರ್ಡ್‌ವೇರ್ ಅಂಗಡಿಯಿಂದ ಜೀರೋ ನಂಬರ್ ಉಜ್ಜುಕಾಗದ ತಂದು ಇಡೀ ಹಳಿ ತಿಕ್ಕಿದ್ದೆ. ಫಳಫಳ ಹೊಳೆಯಿತು. ಒಂದು ವಾರ ಚೆನ್ನಾಗಿ ಓಡಿತು. ಆಮೇಲೆ ಮೊದಲಿಗಿಂತ ಬೇಗ ಕಪ್ಪಾಗತೊಡಗಿತು. ಭೂತಗನ್ನಡಿ ಹಿಡಿದು ನೋಡಿದಾಗ ಗೊತ್ತಾಯಿತು. ಹಳಿಯ ನೆತ್ತಿ ಉತ್ತ ಹೊಲದ ಹಾಗಿತ್ತು. ಸಾಲು ಸಾಲು ಗೀರು, ಗೀರು ತುಂಬ ಕೊಳೆ. ಸ್ಟೀಲ್ ನಾರು ಇನ್ನೂ ಅಪಾಯ. ಅದರ ಎಳೆ ಕಳಚಿ ಎಂಜಿನ್ ಒಳಗಿನ ಆಯಸ್ಕಾಂತಕ್ಕೆ ಹೋಗಿ ಅಂಟಿದರೆ ಮೋಟಾರೇ ಹಾಳು. ಪಾತ್ರೆ ತಿಕ್ಕುವ ಸಾಮಾನು ದಯವಿಟ್ಟು ಹಳಿ ಹತ್ತಿರ ತರಬೇಡಿ.

ಈ ಸಲ ಮೊಬೈಲ್ ರಿಪೇರಿ ಅಂಗಡಿಯವರ ಹತ್ತಿರ ಐಸೊಪ್ರೊಪೈಲ್ ಆಲ್ಕೋಹಾಲ್ ತಂದೆ. ಅವರು ಐಪಿಎ ಅನ್ನುತ್ತಾರೆ. ಮನೆಯಲ್ಲಿದ್ದ ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಗ್ಲಿಸರಿನ್ ಹಳಿ ಮೇಲೆ ಜಿಡ್ಡು ಬಿಡುತ್ತದೆ. ಅಪ್ಪನ ಹಳೇ ಪಂಚೆಯ ತುಂಡನ್ನು ಮರದ ಚೂರಿಗೆ ಸುತ್ತಿ, ಐಪಿಎಯಲ್ಲಿ ಅದ್ದಿ, ಹಳಿ ಉದ್ದಕ್ಕೂ ಎಳೆದೆ. ಬಟ್ಟೆ ಕಪ್ಪಾದ ಕೂಡಲೇ ಮಗ್ಗುಲು ಬದಲಿಸಿದೆ. ಇಲ್ಲದಿದ್ದರೆ ಒಂದು ಕಡೆಯ ಕೊಳೆ ಇನ್ನೊಂದು ಕಡೆಗೆ ಹೋಗುತ್ತದೆ, ಅಷ್ಟೇ.

ಹಳಿ ಒರೆಸಿ ಚಕ್ರ ಬಿಟ್ಟರೆ ಕೆಲಸ ಅರ್ಧವೇ. ಒಂದು ಟಿಶ್ಯೂ ಕಾಗದ ಒದ್ದೆ ಮಾಡಿ ಎರಡೂ ಹಳಿಗೆ ಅಡ್ಡ ಹಾಸಿದೆ. ಎಂಜಿನ್ನಿನ ಮುಂದಿನ ಚಕ್ರ ಕಾಗದದ ಮೇಲೆ, ಹಿಂದಿನ ಚಕ್ರ ಬರಿ ಹಳಿಯ ಮೇಲೆ. ಕೈಯಲ್ಲಿ ಹಿಡಿದುಕೊಂಡು ಕರೆಂಟ್ ಕೊಟ್ಟಾಗ ಚಕ್ರ ನಿಂತಲ್ಲೇ ತಿರುಗಿತು. ಎತ್ತಿ ನೋಡಿದರೆ ಕಾಗದದ ಮೇಲೆ ಕಾಡಿಗೆಯಲ್ಲಿ ಎಳೆದಂಥ ಎರಡು ಗೆರೆ. ಆಮೇಲೆ ಎಂಜಿನ್ ತಿರುಗಿಸಿಟ್ಟು ಹಿಂದಿನ ಚಕ್ರಕ್ಕೂ ಹಾಗೇ ಮಾಡಿದೆ. ನಾಲ್ಕನೇ ಕಾಗದಕ್ಕೆ ಗೆರೆ ಮಾಸಿತು. ಬೋಗಿಗಳ ಪ್ಲಾಸ್ಟಿಕ್ ಚಕ್ರಕ್ಕೆ ಮೆತ್ತಿದ್ದನ್ನು ಹಲ್ಲುಕಡ್ಡಿಯಿಂದ ಕೆರೆದೆ.

ಇಷ್ಟೆಲ್ಲಾ ಆದ ಮೇಲೂ ರೈಲು ಅದೇ ತಿರುವಿನಲ್ಲಿ ನಿಂತಿತು.

ವೋಲ್ಟ್ ಅಳೆಯುವ ಮೀಟರ್ ತಂದು ಎಂಜಿನ್ ಎತ್ತಿಟ್ಟು ಆ ಜಾಗದಲ್ಲಿ ನೋಡಿದೆ. 12 ವೋಲ್ಟ್. ತಂತಿ ಸೇರುವ ಜಾಗದಲ್ಲೂ 12. ಕರೆಂಟ್ ಸರಿ ಇದೆ, ಹಳಿ ಸ್ವಚ್ಛ ಇದೆ, ಚಕ್ರ ಸ್ವಚ್ಛ ಇದೆ. ನನಗೆ ಅಳುವೇ ಬರುವ ಹಾಗಾಯಿತು.

ಅಪ್ಪ ಚಹಾ ಹಿಡಿದು ಮೇಲೆ ಬಂದರು. ಅವರು ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದವರು. ಕುಡತಿನಿ ಕಡೆಯ ಹಳಿ ಮೇಲೆ ದಿನಾ ನಡೆದವರು. ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು ಹಳಿ ನೋಡುತ್ತಾ ಬರುವುದು ಕೀಮ್ಯಾನ್ ಕೆಲಸ. ನನ್ನ ಹಳಿಯ ಬಗ್ಗೆ ಅವರಿಗೆ ಮೊದಲಿಂದ ಒಂದು ತಕರಾರಿದೆ. "ಇದು ನಮ್ಮ ಗೇಜ್ ಅಲ್ಲ" ಅನ್ನುತ್ತಾರೆ. ನಿಜ. ನನ್ನದು ಎಚ್‌ಓ ಅಳತೆ, ಅಂದರೆ ಅಸಲಿನ 87ರಲ್ಲಿ ಒಂದು ಪಾಲು. ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, 16.5 ಮಿಲಿಮೀಟರ್. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. ಲೆಕ್ಕ ಹಾಕಿದರೆ 19 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಇರಬೇಕಿತ್ತು.

ನಾನು ಮೀಟರ್ ತೋರಿಸಿದೆ. ಅವರು ಅದನ್ನು ನೋಡಲೇ ಇಲ್ಲ.

"ಗಾಡಿ ಎಲ್ಲೈತೆ?"

"ಎತ್ತಿಟ್ಟೀನಿ ಅಪ್ಪಾ."

"ಗಾಡಿ ಮ್ಯಾಲಿದ್ದಾಗ ನೋಡಪ್ಪ. ಖಾಲಿ ಹಳಿ ನೋಡಿದ್ರೆ ಏನ್ ಗೊತ್ತಾಗ್ತದ?"

ಹಳಿ ಹೊರುವ ಅಡ್ಡಪಟ್ಟಿಗೆ ಸ್ಲೀಪರ್ ಅನ್ನುತ್ತಾರೆ. ಅದರ ಕೆಳಗೆ ಜಲ್ಲಿ ಸಡಿಲಾಗಿದ್ದರೆ ಖಾಲಿ ಹಳಿಯಲ್ಲಿ ಕಾಣುವುದಿಲ್ಲವಂತೆ. ಗೂಡ್ಸ್ ಹೋಗುವಾಗ ಪಕ್ಕದಲ್ಲಿ ನಿಂತು ನೋಡಬೇಕಂತೆ. ಆಗ ಹಳಿ ಕೆಳಗಿಳಿದು ಮೇಲೆದ್ದಿದ್ದು ಕಾಣುತ್ತದೆ.

ಎಂಜಿನ್ನನ್ನು ತಿರುವಿನಲ್ಲಿಟ್ಟು ಕರೆಂಟ್ ಕೊಟ್ಟು, ಮತ್ತೆ ಮೀಟರ್ ಹಚ್ಚಿದೆ. 12 ಇದ್ದದ್ದು 5ಕ್ಕೆ ಇಳಿಯಿತು. ಮೈ ಜುಮ್ಮೆಂದಿತು. ಎಂಜಿನ್ ಕರೆಂಟ್ ಎಳೆಯದಿದ್ದಾಗ ಕೆಟ್ಟ ಜಾಯಿಂಟ್ ಕೂಡ ಪೂರ್ತಿ ವೋಲ್ಟ್ ತೋರಿಸುತ್ತದೆ. ಎಳೆಯತೊಡಗಿದಾಗಲೇ ಅದರ ಬಣ್ಣ ಬಯಲು.

ಅಪ್ಪ ಬಗ್ಗಿ ತೋರುಬೆರಳನ್ನು ಒಳಗಿನ ಹಳಿ ಮೇಲೆ ನಿಧಾನ ಎಳೆದರು, ಆಮೇಲೆ ಹೊರಗಿನ ಹಳಿ ಮೇಲೆ. ಹೊರಗಿನದರಲ್ಲಿ ಬೆರಳು ನಿಂತಿತು. "ಫಿಶ್‌ಪ್ಲೇಟ್ ನೋಡು." ಎರಡು ಹಳಿ ತುಂಡು ಜೋಡಿಸುವ ಪುಟ್ಟ ತಗಡು ಅದು. ಬಾಯಿ ಅಗಲವಾಗಿತ್ತು, ಒಳಗೆ ಕಿಲುಬು ಹಿಡಿದಿತ್ತು.

ಜಾಯಿಂಟನ್ನೇ ಬೆಸುಗೆ ಹಾಕಿಬಿಡಲೇ ಅಂದೆ. ಅವರು ತಲೆ ಅಲ್ಲಾಡಿಸಿದರು. ನಮ್ಮ ಬೇಸಿಗೆಯಲ್ಲಿ ಶೀಟಿನ ಕೆಳಗಿನ ಕೋಣೆ ಕಾವಲಿ ಇದ್ದಂತೆ. ಕಾದ ಹಳಿ ಉದ್ದ ಆಗಲು ಜಾಗ ಬೇಕು. "ಸಿಗ್ನಲ್‌ನೋರು ಜಾಯಿಂಟ್ ದಾಟಿಸಿ ತಂತಿ ಹಾಕಿರ್ತಾರ. ಹಂಗ ಹಾಕು." ಸರಿ, ಹೊಸ ತಗಡು ಹಾಕಿ, ಜಾಯಿಂಟಿನ ಆ ಕಡೆ ಈ ಕಡೆ ಸೇರಿಸಿ ಎರಡಿಂಚು ತಂತಿ ಬೆಸೆದೆ. ಪ್ಲಾಸ್ಟಿಕ್ ಸ್ಲೀಪರ್ ಕರಗದಂತೆ ಎರಡೂ ಬದಿಗೆ ಒದ್ದೆ ಹತ್ತಿ ಇಟ್ಟಿದ್ದೆ. ತಂತಿಯನ್ನು ಸ್ವಲ್ಪ ಬಾಗಿಸಿ ಬಿಟ್ಟೆ, ಹಳಿ ಹಿಗ್ಗಿದರೂ ಕುಗ್ಗಿದರೂ ಎಳೆಯಬಾರದು ಅಂತ.

ಕಂಟ್ರೋಲರ್ ತಿರುಗಿಸಿದೆ. ರೈಲು ತಿರುವಿಗೆ ಬಂತು, ದಾಟಿತು. ಮತ್ತೆ ಬಂತು, ದಾಟಿತು. ಅಪ್ಪ ಚಹಾ ಪಕ್ಕಕ್ಕಿಟ್ಟು, ಮೊಣಕೈ ಊರಿ, ಆ ಜಾಯಿಂಟನ್ನೇ ನೋಡುತ್ತಿದ್ದರು. ರೈಲು ನೋಡಲಿಲ್ಲ. ಕಾಲು ಗಂಟೆ ಹಾಗೇ ಇದ್ದರು. ಚಹಾ ಆರಿ ಕೆನೆ ಕಟ್ಟಿತು.

ಹಬ್ಬದ ದಿನ ಹೋಳಿಗೆ ಊಟ ಆದ ಮೇಲೆ ಹುಡುಗಿ ಮೇಲೆ ಓಡಿದಳು. ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಅವಳು ತಾತನ ಪಕ್ಕ ನಿಂತು, ತೋರುಬೆರಳನ್ನು ಹಳಿ ಮೇಲೆ ಎಳೆಯುತ್ತಿದ್ದಳು. ಒಳಗಿನದು ಮೊದಲು, ಆಮೇಲೆ ಹೊರಗಿನದು. ಬೆರಳ ತುದಿ ಎತ್ತಿ ತೋರಿಸಿದಳು. ತೆಳ್ಳಗೆ ಕೆಂಪಾಗಿತ್ತು.

"ಮಾಮ, ಬಟ್ಟೆ ಕೊಡು."

ಪಂಚೆಯ ತುಂಡು ಕೊಟ್ಟೆ.